ಥಂಡ್ಯಾಗ ಸೈಕಲ್ ತುಳಿಯೋರ ಲೆಕ್ಕ ಯಾರು ಇಡ್ತಾರ?



ಇವತ್ತು ರಜೆ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿಕೊಂಡು ಅಂಗಳದಾಗ ಬಿಸಿಲಿಗೆ ಕುಂತೀನಿ. ಒಂದು ಕೈಯಾಗ ಟ್ಯೂಬು, ಇನ್ನೊಂದು ಕೈಯಾಗ ಫೋನು. ಈ ಥಂಡ್ಯಾಗ ರಬ್ಬರ್ ಸಲ್ಯೂಷನ್ ಬೇಗ ಒಣಗಂಗಿಲ್ಲ, ಪ್ಯಾಚ್ ಹಿಡಿಯೋತನಕ ಕಾಯಬೇಕು. ಆ ಹೊತ್ತಿನಾಗ ಬರೀತಾ ಇದ್ದೀನಿ. ಉದ್ದ ಆಗ್ತದ, ತಾಳ್ಮೆಯಿಂದ ಓದ್ರಿ.

ಬೆಂಗಳೂರಿನ ಗೆಳೆಯರೊಬ್ಬರು ವಾಟ್ಸಾಪಿನಲ್ಲಿ ಒಂದು ಬರಹ ಕಳಿಸಿದ್ರು. ಚಳಿಗಾಲದಲ್ಲಿ ಸೈಕಲ್ ಮೇಲೆ ಆಫೀಸಿಗೆ ಹೋಗೋದು ಹೇಗೆ ಅಂತ. ಮೂರು ಪದರ ಬಟ್ಟೆ ಹಾಕಿ, ಗ್ಲೌಸ್ ಹಾಕಿ, ಹಿಂದೆ ಮುಂದೆ ಲೈಟ್ ಹಚ್ಚಿ, ಆದರೆ ಬ್ಯಾಟರಿ ಸೈಕಲ್ ತಗೊಳ್ಳಿ, ಪರಿಸರಕ್ಕೂ ಒಳ್ಳೆಯದು, ಮೈಗೂ ಒಳ್ಳೆಯದು. ಕೆಳಗೆ ಅವರು "ನೀನೂ ಸೈಕಲ್ ಹೊಡೀತಿಯಲ್ಲ ಅಣ್ಣಾ, ಉಪಯೋಗ ಆಗಬಹುದು" ಅಂತ ಬರೆದಿದ್ರು. ಪ್ರೀತಿಯಿಂದಲೇ ಕಳಿಸ್ಯಾರ, ಸಿಟ್ಟು ಬರಲಿಲ್ಲ. ಬರೆದದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಆ ಬರಹದಲ್ಲಿ ಸೈಕಲ್ ತುಳಿಯುವವರು ಎಲ್ಲರೂ ಬೇಕು ಅಂತ ಸೈಕಲ್ ಆರಿಸಿಕೊಂಡವರು. ಮನೆ ಮುಂದೆ ಕಾರು ನಿಂತಿರುತ್ತೆ, ಇವತ್ತು ಬ್ಯಾಡ ಅಂತ ಸೈಕಲ್ ಹತ್ತುತ್ತಾರೆ. ನಮ್ಮ ಕಡೆ ಹಂಗಲ್ಲ. ನಸುಕಿನಾಗ ಮಳಖೇಡದ ರೋಡಿಗೆ ಬಂದು ನಿಲ್ರಿ, ಸೈಕಲ್ ಮ್ಯಾಲೆ ಹೋಗೋರು ಯಾವ ಓಣಿಯವರು ಅಂತ ಕೇಳ್ರಿ. ಉತ್ತರ ನಿಮಗ ಮೊದಲೇ ಗೊತ್ತದ.

ನನ್ನ ಕೆಲಸ ಒಂದು ಪರ್ಸಿ ಕಲ್ಲಿನ ಪಾಲಿಷ್ ಯೂನಿಟ್‌ನಾಗ. ಹೆಸರು ಬ್ಯಾಡ, ನಾಳೆ ಮತ್ತ ಅಲ್ಲೇ ಹೋಗಬೇಕು. ಮನೆಯಿಂದ ಒಂಬತ್ತು ಕಿಲೋಮೀಟರ್. ಏಳಕ್ಕ ಪಾಳಿ ಶುರು. ಜನವರಿಯಲ್ಲಿ ನಮ್ಮ ಕಡೆ ಹೊತ್ತು ಹುಟ್ಟೋದೇ 6.50ರ ಸುಮಾರಿಗೆ. ಅಂದ್ರ ಆರಕ್ಕೆ ಮನೆ ಬಿಟ್ಟರೆ ಹಾದಿ ಪೂರಾ ಕತ್ತಲ. ಬಸ್ ಅದಾ, ಆದರೆ ನಮ್ಮ ಪಾಳಿಗೆ ಹೊಂದಂಗಿಲ್ಲ. ಟಂಟಂ ಅದಾ, ಆದರೆ ಹೋಗಿ ಬರೋ ರೊಕ್ಕ ಲೆಕ್ಕ ಹಾಕಿದರೆ ವಾರಕ್ಕೆ ಅರ್ಧ ದಿನದ ಕೂಲಿ ಅದಕ್ಕೇ. ಅದಕ್ಕ ಸೈಕಲ್.

ಕಲಬುರ್ಗಿ ಅಂದ್ರ ಬಿಸಿಲು ಅಂತ ಎಲ್ಲರೂ ತಿಳಿದಾರ. ನಮ್ಮ ಥಂಡಿ ಯಾರಿಗೂ ಗೊತ್ತಿಲ್ಲ. ಮೇ ತಿಂಗಳಿನಾಗ 42 ಡಿಗ್ರಿ ದಾಟೋ ಊರಾಗ ಡಿಸೆಂಬರ್, ಜನವರಿ ನಸುಕಿಗೆ ಪಾರಾ 12–13ಕ್ಕೆ ಬರ್ತದ, ಕೆಲವು ದಿನ ಇನ್ನೂ ಕೆಳಗ. ದಿಲ್ಲಿಯವರು ನಗಬಹುದು. ಆದ್ರ ಕಾಗಿಣಾ ದಂಡಿ ಮ್ಯಾಲೆ, ತೊಗರಿ ಹೊಲದ ನಡುವ, ಎದುರು ಗಾಳಿಗೆ ಸೈಕಲ್ ತುಳೀರಿ ಒಮ್ಮೆ. ಬೆರಳಿಗೆ ಬ್ರೇಕ್ ಹಿಡದದ್ದೇ ಗೊತ್ತಾಗಂಗಿಲ್ಲ. ನಾನು ಕೈಗೆ ಹಳೇ ಸಾಕ್ಸ್ ಹಾಕ್ಕೊಂತೀನಿ. ಎದಿ ಮ್ಯಾಲೆ, ಅಂಗಿ ಒಳಗ, ಹಳೇ ಪೇಪರ್ ಎರಡು ಮಡಿಕೆ ಮಾಡಿ ಇಡ್ತೀನಿ. ಗಾಳಿ ತಡೆಯೋದಕ್ಕ ಪೇಪರಿನಂಥಾದ್ದು ಇನ್ನೊಂದಿಲ್ಲ. ಮಂಕಿ ಟೋಪಿ, ಅದರ ಮ್ಯಾಲೆ ಹೆಂಡತಿಯ ಹಳೇ ಶಾಲು. ಕಿವಿ ಪೂರ್ತಿ ಮುಚ್ಚಬಾರದು, ಹಿಂದಿನ ಗಾಡಿ ಕೇಳಬೇಕು. ಇದು ಯಾರೂ ಕಲಿಸಿದ್ದಲ್ಲ. ಪೇಪರಿನ ಉಪಾಯ ಮಾತ್ರ ಅಪ್ಪಂದು.

ಯೂನಿಟ್ ಮುಟ್ಟಿದ ಮ್ಯಾಲೆ ಇನ್ನೊಂದು ಥಂಡಿ. ಕಲ್ಲು ಕೊಯ್ಯೋದು, ಪಾಲಿಷ್ ಮಾಡೋದು ಎಲ್ಲಾ ನೀರಿನಾಗ. ಬ್ಲೇಡ್ ಕಾಯಬಾರದು, ಧೂಳು ಏಳಬಾರದು ಅಂತ ನೀರು ಬಿಡಲೇಬೇಕು. ಸೈಕಲ್ ಮ್ಯಾಲೆ ಮರಗಟ್ಟಿದ ಕೈ ನೇರವಾಗಿ ಆ ನೀರಿಗೆ ಹೋಗ್ತದ. ಅಂಗೈ ಒಡೆದು ಬಿರುಕು ಬಿದ್ದಿರ್ತಾವ, ಅದರಾಗ ಸುಣ್ಣದ ಕಲ್ಲಿನ ಕೆಸರು. ಸಂಜೀಕ ಅದೇ ಕೈಲೆ ಹ್ಯಾಂಡಲ್ ಹಿಡಕೊಂಡು ವಾಪಸ್.

ಅಲ್ಲಿ ಒಂದು ತಗಡಿನ ಶೆಡ್ ಅದಾ, ಗಾಡಿ ನಿಲ್ಲಿಸೋದಕ್ಕ. ಬೈಕಿನವರು ಒಳಗ. ಸೈಕಲ್ ಗೇಟಿನ ಹೊರಗ, ಜಾಲಿ ಕಂಟಿ ಪಕ್ಕ. ಯಾಕ್ರಿ ಅಂತ ಕೇಳಿದ್ದಕ್ಕ "ಸೈಕಲ್ ಹ್ಯಾಂಡಲ್ ತಾಗಿ ಬೈಕಿಗೆ ಗೀರು ಬೀಳ್ತಾವ" ಅಂದ್ರು. ಯಾರೂ ಜಾತಿ ಹೆಸರು ಹಿಡಿದು ಬೈದಿಲ್ಲ. ಬೈಕ್ ಒಳಗ, ಸೈಕಲ್ ಹೊರಗ, ಅಷ್ಟೇ. ಆದರೆ ಒಳಗಿನ ಗಾಡಿ ಯಾರವು, ಹೊರಗಿನವು ಯಾರವು ಅಂತ ನಾನೊಂದು ದಿನ ಸುಮ್ಮನ ಎಣಿಸಿ ನೋಡಿದೆ. ಹೊರಗಿದ್ದ ಹದಿನಾಲ್ಕು ಸೈಕಲ್‌ನಾಗ ಹನ್ನೊಂದು ನಮ್ಮ ಓಣಿಯವು, ಎರಡು ಮುಸಲ್ಮಾನ ಅಣ್ಣತಮ್ಮಂದಿರವು, ಒಂದು ಕಬ್ಬಲಿಗರ ಕಾಕಾಂದು. ಇಬ್ಬನಿಗೆ ಸೀಟು ತೊಯ್ದು, ಚೈನಿನ ಮ್ಯಾಲೆ ಕಲ್ಲಿನ ಪುಡಿ ಕುಂತು, ಎರಡೂ ಕೂಡಿ ಗಾರೆಯಂಗ ಗಟ್ಟಿ ಆಗ್ತದ. ವಾರಕ್ಕೊಮ್ಮೆ ಸೀಮೆಎಣ್ಣಿ ಹಚ್ಚಿ ಬ್ರಷ್‌ಲೆ ತಿಕ್ಕಬೇಕು.

ಇಲ್ಲೊಂದು ಹಳೇ ಸಂಗತಿ ಹೇಳಬೇಕು. ನಮ್ಮ ಹಿರಿಯರ ಊರು ಮಳಖೇಡ ಅಲ್ಲ, ಇಲ್ಲೇ ಸಮೀಪದ್ದೊಂದು ಹಳ್ಳಿ. ಅಪ್ಪ ಖಣಿಯಾಗ ಕಲ್ಲು ಒಡಿಯೋನು. ಎರಡು ವರ್ಷ ರೊಕ್ಕ ಕೂಡಿಸಿ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ತಂದಿದ್ದ. ಆ ಸೈಕಲ್ ಓಣಿಗೆ ಮೊದಲನೇದು. ಖಣಿಗೆ ಹೋಗೋ ಹಾದಿ ಊರ ಅಗಸಿ ಮುಂದ ಹಾಯ್ತಿತ್ತು. ಅಗಸಿ ಕಟ್ಟೆ ಮ್ಯಾಲೆ ಹಿರೇರು ಬೆಂಕಿ ಕಾಯಿಸ್ಕೊಂತ ಕುಂತಿರ್ತಿದ್ರು. ಅಪ್ಪ ಅಗಸಿ ಹತ್ರ ಬಂದ ಕೂಡಲೇ ಇಳಿದು, ಚಪ್ಪಲಿ ತೆಗೆದು ಹ್ಯಾಂಡಲಿಗೆ ಸಿಗಿಸಿ, ನೂರು ಹೆಜ್ಜಿ ನಡೆದು, ಮುಂದ ಹೋಗಿ ಮತ್ತ ಹತ್ತುತ್ತಿದ್ದ. ಥಂಡ್ಯಾಗ ಬರಿಗಾಲಿಲೆ. ಒಂದು ಸಲ ಹೊತ್ತಾಗಿತ್ತು ಅಂತ ಇಳಿಯಲಿಲ್ಲ. ಸಂಜೀಕ ಮನಿಗೆ ಬರೋವಾಗ ಸೈಕಲ್ಲಿನ ಎರಡೂ ಚಕ್ರದ ಗಾಳಿ ಹೋಗಿತ್ತು, ಅಪ್ಪನ ತುಟಿ ಒಡೆದಿತ್ತು. ಅವ್ವ ಏನಾಯ್ತು ಅಂದಳು. "ಬಿದ್ದೆ" ಅಂದ. ಅಷ್ಟೇ. ನಿಜ ಸಂಗತಿ ನನಗೆ ತಿಳಿದದ್ದು ಅವನು ತೀರಿಕೊಂಡ ಮೇಲೆ, ಕಾಕಾನ ಬಾಯಿಂದ.

ಈ ಮಾತು ಯಾಕ ತೆಗೆದೆ ಅಂದ್ರ, ನಮ್ಮ ಹುಡುಗರು ಎಷ್ಟೋ ಮಂದಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸೈಕಲ್ಲಿನ ಹೆಸರು ಬರೆದೇ ಇದೆ. 1989ರ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ ಕಲಂ 3(1)(ಝಡ್‌ಎ)(ಬಿ) ಓದಿ ನೋಡಿ. ಸಾರ್ವಜನಿಕ ಸ್ಥಳದಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತುವುದನ್ನು, ಓಡಿಸುವುದನ್ನು ತಡೆದರೆ, ಚಪ್ಪಲಿ, ಹೊಸ ಬಟ್ಟೆ ಹಾಕಿಕೊಳ್ಳುವುದನ್ನು ತಡೆದರೆ, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅದು ಅಪರಾಧ. ಆರು ತಿಂಗಳಿಗೆ ಕಡಿಮೆ ಇಲ್ಲದಂತೆ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಂದು ದೇಶದ ಪಾರ್ಲಿಮೆಂಟು ಇಪ್ಪತ್ತೊಂದನೇ ಶತಮಾನದಲ್ಲಿ ಕುಂತು, ಸೈಕಲ್ ಹತ್ತಲು ಬಿಡದಿರುವುದು ಅಪರಾಧ ಅಂತ ಬರೆಯಬೇಕಾಗಿ ಬಂತು. ಸೈಕಲ್ಲು ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆಯುವವರು ಈ ಕಲಮನ್ನೂ ಒಮ್ಮೆ ಓದಬೇಕು.

ಬಾಬಾಸಾಹೇಬರ ಆತ್ಮಕಥನದ ಟಿಪ್ಪಣಿಗಳು, "ವೀಸಾಗಾಗಿ ಕಾಯುತ್ತಾ" ಅಂತ ನಾವು ಓದ್ತೀವಲ್ಲ, ಅದರಲ್ಲಿ ಎರಡು ಪ್ರಸಂಗಗಳು ಗಾಡಿಯವೇ. 1901ರಲ್ಲಿ ಸಾತಾರಾದಿಂದ ಗೋರೆಗಾಂವಿಗೆ ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಷನ್‌ನಲ್ಲಿ ಇಳೀತಾರೆ. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಒಪ್ಪುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೀತಾನೆ ಅನ್ನೋ ಕರಾರು. ಇನ್ನೊಂದು 1929ರದ್ದು, ಚಾಳೀಸಗಾಂವದಲ್ಲಿ. ಆಗ ಅವರು ಬ್ಯಾರಿಸ್ಟರ್, ಮುಂಬೈ ಸರ್ಕಾರದ ಸಮಿತಿಯ ಸದಸ್ಯ. ಆದರೂ ಟಾಂಗಾದವನು ಅವರನ್ನು ಕೂಡ್ರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಕೊಟ್ಟ, ಹೊಡೆಯಲು ಬರಲಿಲ್ಲ. ನಮ್ಮವರಲ್ಲೇ ಒಬ್ಬ, ರೂಢಿ ಇಲ್ಲದವನು, ಹೊಡೆದ. ಸೇತುವೆ ಮೇಲೆ ಚಕ್ರ ಸಿಕ್ಕಿ ಟಾಂಗಾ ಉರುಳಿತು, ಬಾಬಾಸಾಹೇಬರ ಕಾಲು ಮುರಿಯಿತು. ಆ ಕಾಲು ಮುರಿದದ್ದು ಕೆಟ್ಟ ರಸ್ತೆಯಿಂದಲೋ ಜಾತಿಯಿಂದಲೋ? ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ನಮ್ಮ ರೋಡಿನ ಅಪಘಾತಗಳನ್ನೂ ನಾನು ಹೀಗೇ ಓದುತ್ತೇನೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ.

2025ರ ಜನವರಿ. ನನ್ನ ಜೋಡಿ ಕೆಲಸ ಮಾಡೋ ಗೆಳೆಯ, ದಿನಾ ನನಗಿಂತ ಐದು ನಿಮಿಷ ಮೊದಲು ಹೊರಡೋನು. ಅವತ್ತು ಮಂಜು ಭಾಳ ಇತ್ತು. ತೊಗರಿ ರಾಶಿ ಕಾಲ. ರೋಡಿನ ಒಂದು ಕಡೆ ರೈತರು ತೊಗರಿ ಹರವಿದ್ರು, ಗಾಡಿ ಹಾಯ್ದು ಕಾಳು ಉದುರಲಿ ಅಂತ. ರೈತರನ್ನ ಬೈಯಂಗಿಲ್ಲ, ಅವರಿಗೆ ಕಣ ಇಲ್ಲ, ಮಷಿನ್ ಬಾಡಿಗಿ ತುಟ್ಟಿ. ಆದರೆ ಸೈಕಲ್ಲಿನವನು ಎಲ್ಲಿ ಹೋಗಬೇಕು? ರೋಡಿನ ಅಂಚು ತೊಗರಿಗೆ ಹೋಯ್ತು, ನಡುವಿನ ಡಾಂಬರು ಟ್ಯಾಂಕರಿಗೆ. ಇವನು ತೊಗರಿ ತಪ್ಪಿಸಲು ನಡುವ ಬಂದ. ಹಿಂದಿನಿಂದ ಒಂದು ದೊಡ್ಡ ಗಾಡಿ ತಾಗಿಸಿ ನಿಲ್ಲದೆ ಹೋಯ್ತು. ಗಾಡಿ ನಂಬರ್ ಯಾರೂ ನೋಡಿಲ್ಲ. ನಾನು ಮುಟ್ಟುವಾಗ ಬುತ್ತಿ ಗಂಟು ಬಿಚ್ಚಿ ರೊಟ್ಟಿ ರೋಡಿನ ಮ್ಯಾಲೆ ಬಿದ್ದಿದ್ದವು, ಇವನು ತೊಗರಿ ಮ್ಯಾಲೆ ಬಿದ್ದಿದ್ದ. ತೊಡೆ ಎಲುಬು ಎರಡು ತುಂಡು. ಈಗ ಒಳಗ ರಾಡ್ ಅದಾ. ಕುಂಟಿಕೊಂಡು ನಡೀತಾನ, ಸೈಕಲ್ ಹತ್ತಲಾರ. ಅವನ ಹೆಂಡತಿ ಈಗ ಕೂಲಿಗೆ ಹೋಗ್ತಾಳ.

ಆಸ್ಪತ್ರೆಯಿಂದ ಬಂದು ನಾವು ನಾಲ್ಕು ಮಂದಿ ಗುತ್ತಿಗೆದಾರನ ಹತ್ರ ಹೋದಿವಿ. ಅವನು ಐದು ಸಾವಿರ ಕೊಟ್ಟು, "ಇದು ನನ್ನ ಮನಸಿನಿಂದ ಕೊಡೋದು. ಗೇಟಿನ ಒಳಗ ಬಿದ್ದಿದ್ರ ನಮ್ಮ ಜವಾಬ್ದಾರಿ, ರೋಡ್ ಸರ್ಕಾರದ್ದು" ಅಂದ. ಖರೇ ಹೇಳ್ತೀನಿ, ಆ ಹೊತ್ತಿಗೆ ನನಗೂ ಅದೇ ಸರಿ ಅನ್ನಿಸಿತ್ತು. ಡ್ಯೂಟಿ ಶುರು ಆಗೇ ಇಲ್ಲ, ಏನು ಕೇಳೋದು ಅಂತ. ಇಪ್ಪತ್ತು ವರ್ಷ ಸಂಘಟನೆಯಲ್ಲಿ ಇದ್ದು, ಭಾಷಣ ಮಾಡಿ, ಧರಣಿ ಕುಂತು, ನನಗೇ ಕಾಯ್ದೆ ಗೊತ್ತಿರಲಿಲ್ಲ. ಇದು ನನ್ನ ತಪ್ಪು, ಮುಚ್ಚಿಡಂಗಿಲ್ಲ.

ಆಗಿನ ಕಾಯ್ದೆ ಏನು ಹೇಳ್ತಿತ್ತು ಅಂದ್ರ, ಇಎಸ್‌ಐ ಕಾಯ್ದೆಗೆ 2010ರಲ್ಲಿ 51ಇ ಅನ್ನೋ ಕಲಂ ಸೇರಿಸಿದ್ರು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವನ್ನೂ ಕೆಲಸದ ಅಪಘಾತ ಅಂತಲೇ ಎಣಿಸಬೇಕು. ಆದರೆ ಹೊತ್ತು, ಜಾಗ, ಸಂದರ್ಭ ಕೆಲಸಕ್ಕೆ ಹೊಂದಿರಬೇಕು. ಇದು ಇಎಸ್‌ಐ ಇದ್ದವರಿಗೆ. ನಮ್ಮಂಥ ಸಣ್ಣ ಯೂನಿಟ್‌ನಾಗ ಇಎಸ್‌ಐ ಎಲ್ಲಿ ಬರ್ತದ? ನಮಗಿದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. ಅದರಲ್ಲಿ ಹಾದಿಯ ಮಾತು ಸ್ಪಷ್ಟ ಇರಲಿಲ್ಲ. ಆದರೆ 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ವಾಚ್‌ಮನ್ ಒಬ್ಬರು 2003ರಲ್ಲಿ ರಾತ್ರಿ ಮೂರು ಗಂಟೆಯ ಪಾಳಿಗೆ ಬೈಕ್ ಮೇಲೆ ಹೋಗುವಾಗ, ಕಾರ್ಖಾನೆ ಇನ್ನು ಐದು ಕಿಲೋಮೀಟರ್ ಇದೆ ಅನ್ನುವಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಮನೆಯವರು ಇಪ್ಪತ್ತೆರಡು ವರ್ಷ ಕಾದರು. ಹಾದಿಯ ಅಪಘಾತವೂ ಪರಿಹಾರ ಕಾಯ್ದೆಯ ಒಳಗೆ ಬರುತ್ತದೆ, ಕೆಲಸಕ್ಕೂ ಅಪಘಾತಕ್ಕೂ ಸಂಬಂಧ ತೋರಿಸಿದರೆ ಸಾಕು ಅಂತ ಕೋರ್ಟ್ ಹೇಳಿತು.

ಈ ತೀರ್ಪಿನ ಸುದ್ದಿ ನಮ್ಮ ವಕೀಲ ಗೆಳೆಯರೊಬ್ಬರು ಓದಿ ಹೇಳಿದಾಗ ನಾನು ಪಾಲಿಷ್ ಮಷಿನ್ ಮುಂದ ನಿಂತಿದ್ದೆ. ಮಷಿನ್ ಬಂದ್ ಮಾಡಿ ಮೂರು ಸಲ ಕೇಳಿದೆ. ಅಪಘಾತ ಆಗಿ ಎರಡು ವರ್ಷದ ಒಳಗ ಅರ್ಜಿ ಹಾಕಬೇಕು, ನಮಗೆ ಇನ್ನೂ ವ್ಯಾಳ್ಯಾ ಇತ್ತು. ಹಾಕಿವಿ. ಆದರೆ ಅಲ್ಲೇ ಸಿಕ್ಕಿಬಿದ್ದಿವಿ. ಅವನು ಅಲ್ಲಿ ಕೆಲಸ ಮಾಡ್ತಿದ್ದ ಅನ್ನೋದಕ್ಕೇ ಸಾಕ್ಷಿ ಬೇಕು. ಹಾಜರಿ ಪುಸ್ತಕ ಗುತ್ತಿಗೆದಾರನ ಹತ್ರ. ಪಗಾರ ಕೈಗೆ, ಚೀಟಿ ಇಲ್ಲ. ಕೊನೆಗೆ ನೆರವಿಗೆ ಬಂದದ್ದು ಏನು ಗೊತ್ತೇನ್ರಿ? ಫೋನ್‌ಪೇ. ಎರಡು ಮೂರು ಸಲ ಅಡ್ವಾನ್ಸ್ ರೊಕ್ಕ ಫೋನಿಗೆ ಹಾಕಿದ್ದ. ಮತ್ತ ಪೊಲೀಸ್ ದೂರಿನಾಗ ಹೊತ್ತು, ಜಾಗ, "ಕೆಲಸಕ್ಕೆ ಹೋಗುತ್ತಿದ್ದಾಗ" ಅನ್ನೋ ಮೂರು ಮಾತು ಬರೆಸಿದ್ದಿವಿ. ಪುಣ್ಯಕ್ಕೆ ಅವತ್ತು ದೂರು ಬರೆಸಿದ ಹುಡುಗ ಅದನ್ನ ಬಿಡಲಿಲ್ಲ. ಕೇಸು ನಡೀತಾ ಅದಾ, ಫಲ ಇನ್ನೂ ಬಂದಿಲ್ಲ.

ಅದಕ್ಕ ಓದೋರಿಗೆ ಒಂದು ವಿನಂತಿ. ನಿಮ್ಮ ಓಣಿಯಾಗ ಯಾರಿಗಾದರೂ ಹಾದಿಯಾಗ ಹಿಂಗ ಆದರೆ ಮೊದಲು ದೂರು, ಅದರಾಗ ಈ ಮೂರು ಮಾತು. ಖಾಲಿ ಹಾಳಿ ಮ್ಯಾಲೆ ಹೆಬ್ಬಟ್ಟು ಒತ್ತಬ್ಯಾಡ್ರಿ, ಐದು ಸಾವಿರ ಹತ್ತು ಸಾವಿರಕ್ಕ "ಇನ್ನು ನಮಗೇನೂ ಬರಬೇಕಾಗಿಲ್ಲ" ಅಂತ ಬರೆದುಕೊಡಬ್ಯಾಡ್ರಿ. ಗುದ್ದಿದ ಗಾಡಿ ಸಿಗದೇ ಹೋದರೂ 2022ರ ಏಪ್ರಿಲ್‌ನಿಂದ ಜಾರಿ ಇರುವ ಕೇಂದ್ರದ ಹಿಟ್ ಅಂಡ್ ರನ್ ಪರಿಹಾರ ಯೋಜನೆ ಇದೆ. ಸಾವಾದರೆ 2 ಲಕ್ಷ, ದೊಡ್ಡ ಗಾಯಕ್ಕೆ 50 ಸಾವಿರ. ನನ್ನ ಗೆಳೆಯನ ಪ್ರಕರಣದಲ್ಲಿ ಇದನ್ನು ನಾವು ಕೇಳಿದ್ದು ಎಂಟು ತಿಂಗಳ ನಂತರ.

ಈಗ ಬ್ಯಾಟರಿ ಸೈಕಲ್ ಮಾತು. ಬೆಂಗಳೂರಿನ ಗೆಳೆಯರು ಅದನ್ನೇ ಕೇಳಿದ್ರು, "ಒಂದು ಎಲೆಕ್ಟ್ರಿಕ್ ಸೈಕಲ್ ತಗೋ ಅಣ್ಣಾ, ಯಾಕೆ ಒದ್ದಾಡ್ತೀಯಾ?" ಅಂತ. ನಾನು ಅದನ್ನ ಬಿಟ್ಟು ಮಾತಾಡ್ತಿಲ್ಲ, ಹೊಡೆದು ನೋಡೀನಿ. ನನ್ನ ಹೆಂಡತಿಯ ತಮ್ಮ ಕಲಬುರ್ಗಿಯಾಗ ಪಾರ್ಸೆಲ್ ಹಂಚ್ತಾನ. ಅವನಿಗೆ ಕಾಲಿಗೆ ಪೆಟ್ಟಾಗಿ ಹದಿನೈದು ದಿನ ಮನಿಯಾಗ ಕುಂತಾಗ ಅವನ ಬ್ಯಾಟರಿ ಸೈಕಲ್ ನಾನು ತಂದಿದ್ದೆ. 250 ವ್ಯಾಟ್ ಮೋಟಾರು, ಗಂಟೆಗೆ 25 ಕಿಲೋಮೀಟರ್ ದಾಟಂಗಿಲ್ಲ. ಅಷ್ಟರೊಳಗಿನದಕ್ಕೆ ಲೈಸೆನ್ಸ್, ರಿಜಿಸ್ಟ್ರೇಷನ್ ಏನೂ ಬೇಡ.

ಮೊದಲನೇ ದಿನ ಹಬ್ಬ ಆದಂಗಾಯ್ತು. ಏರಿನಾಗ ಎದಿ ಉಬ್ಬಸ ಇಲ್ಲ, ಎದುರು ಗಾಳಿ ಲೆಕ್ಕಕ್ಕಿಲ್ಲ. ಕಲ್ಲು ಎತ್ತಿ ಎತ್ತಿ ಸೊಂಟ ಹೋದವನಿಗೆ ಸಂಜೀಕ ವಾಪಸ್ ಬರೋವಾಗ ಆ ಮೋಟಾರು ಹಿಂದಿನಿಂದ ಕೈ ಹಿಡಿದು ನೂಕಿದಂಗ ಅನ್ನಿಸ್ತು. ಇದು ಶ್ರೀಮಂತರ ಆಟಿಕೆ ಅನ್ನೋರ ಜೋಡಿ ನಾನು ಇಲ್ಲ. ಇದು ಮೊದಲು ಬೇಕಾದದ್ದೇ ನಮ್ಮಂಥ ಮೈಗೆ.

ಆದರೆ ಥಂಡ್ಯಾಗ ಒಂದು ತಮಾಷೆ ಆಯ್ತು. ತುಳಿಯೋದು ಕಡಿಮೆ ಆದರೆ ಮೈ ಕಾಯಂಗಿಲ್ಲ. ಸಾದಾ ಸೈಕಲ್ ಮ್ಯಾಲೆ ಎರಡು ಕಿಲೋಮೀಟರ್ ಆದ ಕೂಡಲೇ ಒಳಗ ಬೆವರು ಬರ್ತದ. ಇದರ ಮ್ಯಾಲೆ ಕಡೀತನಕ ನಡುಗಿಕೊಂತ ಹೋದೆ. ಬ್ಯಾಟರಿಯೂ ನನ್ನಂಗೇ, ಥಂಡಿ ಆಗಂಗಿಲ್ಲ ಅದಕ್ಕ. ಮೂವತ್ತು ಕಿಲೋಮೀಟರ್ ಬರ್ತದ ಅಂದಿದ್ದ ಮೈದುನ, ನನಗ ಇಪ್ಪತ್ತೆರಡಕ್ಕೇ ಸೋತಿತು. ಹಳೇದೂ ಆಗಿತ್ತು ಅನ್ರಿ. ರಾತ್ರಿ ಬ್ಯಾಟರಿ ಬಿಚ್ಚಿ ಒಳಗ ತಂದು ಕೂಸಿನಂಗ ಗೋಣಿಚೀಲದಾಗ ಸುತ್ತಿ ಇಟ್ಟರೆ ಸ್ವಲ್ಪ ಸುಧಾರಿಸ್ತಿತ್ತು. ಒಂದು ದಿನ ಯೂನಿಟ್‌ನಾಗ ಚಾರ್ಜಿಗೆ ಹಚ್ಚಲೇನ್ರಿ ಅಂತ ಕೇಳಿದೆ. ಕರೆಂಟ್ ಬಿಲ್ ಯಾರು ಕೊಡಬೇಕು ಅಂತ ಜೋರು ಮಾಡಿದ್ರು. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅದು. ಪೂರ್ತಿ ತುಂಬಿದರೂ ಅರ್ಧ ಯೂನಿಟ್ ಕರೆಂಟ್ ಸಾಕು. ಅವರ ಒಂದು ಕಟಿಂಗ್ ಮಷಿನ್ ಕೆಲವೇ ನಿಮಿಷದಾಗ ತಿನ್ನೋದು ಅಷ್ಟು. ಮನೆಯಾಗಾದರೆ ಗೃಹಜ್ಯೋತಿ ಅದಾ, ಆ ಚಿಂತಿ ಇಲ್ಲ.

ಹಿಂದಿನ ಚಕ್ರ ಪಂಕ್ಚರ್ ಆದ ದಿನ ಮಾತ್ರ ಅತ್ತೆ. ಮೋಟಾರು ಅದರೊಳಗೇ ಇರ್ತದ, ವೈರು ಬಿಚ್ಚಬೇಕು. ನಮ್ಮ ಪಂಕ್ಚರ್ ಮಾಮಾ "ಇದು ಸೈಕಲ್ಲೋ ಟಿವಿಯೋ, ನಾ ಮುಟ್ಟಂಗಿಲ್ಲ" ಅಂದ. ಇಪ್ಪತ್ತು ಕೇಜಿ ಮ್ಯಾಲಿನ ಗಾಡಿ ನಾಲ್ಕು ಕಿಲೋಮೀಟರ್ ನೂಕಿದೆ. ಹೊಸಾದು ತಗೋಬೇಕಂದ್ರ 25–30 ಸಾವಿರ. ನನ್ನ ಕೂಲಿ ದಿನಕ್ಕ ಐನೂರು, ಕೆಲಸ ಇದ್ದ ದಿನ ಮಾತ್ರ. ಎರಡು ಮೂರು ವರ್ಷಕ್ಕ ಬ್ಯಾಟರಿ ಬದಲಿಸಬೇಕು, ಹತ್ತು ಸಾವಿರದ ಆಸುಪಾಸು ಅಂದ ಅಂಗಡಿಯವ.

ಇಲ್ಲೇ ಸರ್ಕಾರದ ಲೆಕ್ಕ ನೋಡ್ರಿ. ಕೇಂದ್ರದ ಫೇಮ್ ಯೋಜನೆ ಇತ್ತು, ಈಗ ಪಿಎಂ ಇ-ಡ್ರೈವ್ ಇದೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಸಹಾಯಧನ ಸಿಕ್ಕಿತು. ಲೈಸೆನ್ಸ್ ಬೇಡದ ಬ್ಯಾಟರಿ ಸೈಕಲ್ಲಿಗೆ ಅದರಲ್ಲಿ ಜಾಗ ಇಲ್ಲ. ದಿಲ್ಲಿ ಸರ್ಕಾರ 2022ರಲ್ಲಿ ಮೊದಲ ಹತ್ತು ಸಾವಿರ ಇ-ಸೈಕಲ್ ಕೊಳ್ಳುವವರಿಗೆ 5,500 ರೂಪಾಯಿವರೆಗೆ ಕೊಡ್ತೀವಿ ಅಂದಿತು, ಅಂದ್ರ ಮನಸ್ಸು ಮಾಡಿದರೆ ಆಗೋ ಕೆಲಸವೇ. ತೆರಿಗೆ ಇನ್ನೂ ಮಜಾ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ಕೂಲಿಯವನ ಸಾದಾ ಸೈಕಲ್ಲಿಗೆ 12. ಆರು ವರ್ಷ ಹಂಗೇ ನಡೀತು, 2025ರ ಸೆಪ್ಟೆಂಬರ್ 22ಕ್ಕೆ ಸೈಕಲ್ಲೂ 5ಕ್ಕೆ ಇಳಿಯಿತು. ಆರು ವರ್ಷ ಒಂದು ಎಲೆಕ್ಟ್ರಿಕ್ ಕಾರಿಗಿಂತ ನಮ್ಮ ಅಟ್ಲಾಸಿನ ತೆರಿಗೆ ಎರಡು ಪಟ್ಟಿಗೂ ಹೆಚ್ಚು. ಯಾವ ಸಭೆಯಲ್ಲೂ ನಾವು ಇದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ಈಗ ತುಳಿಯೋ ಸೈಕಲ್ ಯಾವುದು ಅಂತೀರಿ? ನನ್ನ ಅಕ್ಕನ ಮಗಳಿಗೆ 2012ರಲ್ಲಿ ಎಂಟನೇ ಕ್ಲಾಸಿನಾಗ ಸರ್ಕಾರ ಕೊಟ್ಟ ಸೈಕಲ್. ಲೇಡೀಸ್ ಸೈಕಲ್, ನಡುವ ದಂಡಿ ಇಲ್ಲ. ಹುಡುಗರು ನಗ್ತಾರ, ನಗಲಿ. ಆ ಹುಡುಗಿ ಈಗ ನರ್ಸ್. ಸೈಕಲ್ ಇಲ್ಲದಿದ್ರ ಹೈಸ್ಕೂಲ್ ಮುಗಿಸ್ತಿರಲಿಲ್ಲ, ಅವಳೇ ಹೇಳ್ತಾಳ. 2006–07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ಹೊತ್ತಿಗೆ ನಿಂತಿತು. ನನ್ನ ಮಗಳು ಎಂಟನೇ ಕ್ಲಾಸಿಗೆ ಬಂದಾಗ ಸೈಕಲ್ ಬರಲಿಲ್ಲ. ಶಕ್ತಿ ಯೋಜನೆ ಅದಾ, ಬಸ್ ಫ್ರೀ, ಒಳ್ಳೆಯದೇ, ಅವ್ವಂದಿರಿಗೆ ಅದು ದೊಡ್ಡ ಆಸರೆ. ಆದರೆ ಬಸ್ಸು ಬರದ ಹಾದಿಗೆ, ಬಸ್ಸಿಲ್ಲದ ಹೊತ್ತಿಗೆ ಆ ಹುಡುಗಿಯರು ನಡೀತಾರ. ಥಂಡ್ಯಾಗ ಬೇಗ ಕತ್ತಲಾಗ್ತದ, ಸ್ಪೆಷಲ್ ಕ್ಲಾಸ್ ಬಿಟ್ಟು ಮನಿಗೆ ಬರ್ತಾರ. ತಮಿಳುನಾಡಿನ ಪುದುಕೋಟೆಯಲ್ಲಿ 1991ರ ಸುಮಾರಿಗೆ ಅಕ್ಷರ ಚಳವಳಿಯ ಜೊತೆಗೆ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸಿದರು. ಕಲಿತವರಲ್ಲಿ ಕೂಲಿ ಹೆಂಗಸರು, ಕಲ್ಲು ಕ್ವಾರಿಯಲ್ಲಿ ದುಡಿಯೋ ಹೆಂಗಸರು ಇದ್ದರು. ಮೂವತ್ತು ವರ್ಷದ ಹಿಂದಿನ ಮಾತು ಅದು.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳಬೇಕು, ಬೇಸರ ಮಾಡ್ಕೋಬ್ಯಾಡ್ರಿ. ಡಿಸೆಂಬರ್ 6ರ ಕಾರ್ಯಕ್ರಮಕ್ಕ ನಾನು ಸೈಕಲ್ ಮ್ಯಾಲೆ ಹೋದೆ. ಒಬ್ಬ ತಮ್ಮ, ಛಲೋ ಹುಡುಗ, ಕಷ್ಟಪಟ್ಟು ಸಂಘಟನೆ ಮಾಡೋನು, ಪಕ್ಕಕ್ಕ ಕರೆದು "ಅಣ್ಣಾ, ವೇದಿಕೆ ಮ್ಯಾಲೆ ಕೂಡೋರು ನೀವು, ಹಿಂಗ ಬಂದ್ರ ನಮ್ಮ ಕಿಮ್ಮತ್ತು ಏನು ಉಳೀತದ? ಹೇಳಿದ್ರ ಗಾಡಿ ಕಳಿಸ್ತಿದ್ದೆ" ಅಂದ. ಅವನ ಮಾತಿನ ಒಳಗೆ ಏನಿದೆ ಅಂತ ನನಗ ಗೊತ್ತು. ಅಗಸಿ ಮುಂದ ಬುಲೆಟ್ ಮ್ಯಾಲೆ ಹೋಗೋದು ನಮ್ಮ ಹುಡುಗರಿಗೆ ಬರೀ ಶೋಕಿ ಅಲ್ಲ. ಅಪ್ಪಂದಿರು ಇಳಿದು ನಡೆದ ಹಾದಿ ಅದು. ಅದನ್ನ ನಾ ಎಂದೂ ಹೀಗಳೆಯಂಗಿಲ್ಲ. ಬಾಬಾಸಾಹೇಬರು ಸೂಟು ಹಾಕಿದ್ದರಲ್ಲಿ ಇದ್ದ ಅರ್ಥವೇ ಇದರಲ್ಲೂ ಇದೆ. ಬಡತನವನ್ನ ಸರಳ ಜೀವನ ಅಂತ ಹೊಗಳೋ ಗಾಂಧಿಗಿರಿಯೂ ನನಗ ಬ್ಯಾಡ.

ಆದರೆ ತಮ್ಮಾ, ಕಾನ್ಶೀರಾಂ ಸಾಹೇಬರು 1983ರ ಮಾರ್ಚ್‌ನಲ್ಲಿ ಡಿಎಸ್-4ರ ಸೈಕಲ್ ಯಾತ್ರೆ ಹೊರಡಿಸಿದ್ದು ದಿಲ್ಲಿಯಿಂದ. ಎರಡು ಕಾಲು, ಎರಡು ಚಕ್ರ ಏನು ಮಾಡಬಲ್ಲವು ನೋಡ್ರಿ ಅಂತ ರಾಜ್ಯದಿಂದ ರಾಜ್ಯಕ್ಕೆ ಸೈಕಲ್ ತುಳಿದರು. ಮರುವರ್ಷ ಏಪ್ರಿಲ್ 14ಕ್ಕೆ ಪಕ್ಷ ಕಟ್ಟಿದರು. ಆ ಸೈಕಲ್ಲಿನಿಂದ ಅವರ ಕಿಮ್ಮತ್ತು ಇಳೀಲಿಲ್ಲ. ಮತ್ತ ನಮ್ಮ ಕಾರ್ಯಕ್ರಮಕ್ಕ ಬರಬೇಕಾದವರು ಯಾರು? ಗೇಟಿನ ಹೊರಗ ಸೈಕಲ್ ಹಚ್ಚೋ ಹನ್ನೊಂದು ಮಂದಿ. ಅವರು ಬಂದಾಗ ಸೈಕಲ್ ಎಲ್ಲಿ ನಿಲ್ಲಿಸಲಿ ಅಂತ ಮುಖ ನೋಡೋ ಹಂಗ ಆಗಬಾರದಲ್ಲ. ಅವತ್ತು ಮಂಟಪದ ಮುಂದ ಬೈಕ್, ಕಾರಿಗೆ ಹಗ್ಗ ಕಟ್ಟಿ ಜಾಗ ಮಾಡಿದ್ರು. ಸೈಕಲ್ಲಿಗೆ ಇರಲಿಲ್ಲ.

ಥಂಡಿ ನಮ್ಮ ವೈರಿ ಅಲ್ರಿ. ಫಿನ್ಲೆಂಡ್ ದೇಶದಾಗ ಓಲು ಅಂತ ಊರದ, ಸೊನ್ನೆಗಿಂತ ಎಷ್ಟೋ ಕೆಳಗ, ಹಿಮದಾಗ ಶಾಲಿ ಹುಡುಗರು ಸೈಕಲ್ ತುಳೀತಾರ. ಅಲ್ಲಿ ಜನರ ಮೈ ಕಬ್ಬಿಣದ್ದಲ್ಲ. ಸೈಕಲ್ಲಿಗೆ ಬೇರೆ ಹಾದಿ ಅದಾ, ನಸುಕಿನಾಗ ಎದ್ದು ಅದರ ಹಿಮ ತೆಗೀತಾರ, ದೀಪ ಇರ್ತಾವ. ನಮಗ ಹಿಮ ಇಲ್ಲ. ಬೇಕಾದದ್ದು ಡಾಂಬರಿನ ಅಂಚಿಗೆ ನಾಲ್ಕು ಅಡಿ ಗಟ್ಟಿ ಜಾಗ, ತಿರುವಿನಾಗ ದೀಪ, ರಾಶಿಗೆ ಬೇರೆ ಕಣ. 2011ರ ಜನಗಣತಿಯಲ್ಲಿ ಕೃಷಿ, ಮನೆಗೆಲಸದ ಉದ್ದಿಮೆ ಬಿಟ್ಟು ಉಳಿದ ದುಡಿಯುವವರು ಕೆಲಸಕ್ಕೆ ಹೇಗೆ ಹೋಗ್ತಾರೆ ಅಂತ ಕೇಳಿದ್ದರು. ದೇಶದಲ್ಲಿ ನೂರಕ್ಕೆ ಹದಿಮೂರು ಮಂದಿ ಸೈಕಲ್ ಅಂದರು. ಅದಕ್ಕಿಂತ ಹೆಚ್ಚು ಜನ ನಡೆದೇ ಹೋಗ್ತೀವಿ ಅಂದರು. ಇಷ್ಟು ಜನರಿಗೆ ನಮ್ಮ ರೋಡಿನಲ್ಲಿ ಒಂದು ಬಿಳಿ ಗೆರೆಯಷ್ಟೂ ಜಾಗ ಇಲ್ಲ.

ರೊಕ್ಕ ಇಲ್ಲ ಅನ್ನಂಗಿಲ್ಲ. ಮಳಖೇಡ, ಸೇಡಂ, ವಾಡಿ, ಚಿತ್ತಾಪುರ, ಎಲ್ಲಿ ನೋಡಿದರೂ ನೆಲದ ಕೆಳಗ ಸುಣ್ಣದ ಕಲ್ಲು. ಅದನ್ನ ತೆಗೆಯೋರು ರಾಯಲ್ಟಿ ಜೊತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ದುಡ್ಡು ಕಟ್ಟಬೇಕು, 2015ರಲ್ಲಿ ಗಣಿ ಕಾಯ್ದೆ ತಿದ್ದಿದ ಮೇಲೆ ಬಂದ ನಿಯಮ ಇದು. ಹಳೇ ಗಣಿಗಳಿಗೆ ರಾಯಲ್ಟಿಯ ಶೇ 30, ಹರಾಜಿನಲ್ಲಿ ಪಡೆದವಕ್ಕೆ ಶೇ 10. ಗಣಿಯಿಂದ ಬಾಧೆಗೊಂಡ ಜನರಿಗೆ ಖರ್ಚು ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಕಲ್ಲು, ಸಿಮೆಂಟು ಹೊತ್ತ ಗಾಡಿಗಳ ನಡುವೆ ನಸುಕಿನಲ್ಲಿ ಸೈಕಲ್ ತುಳಿಯುವವನಿಗಿಂತ ಬಾಧೆಗೊಂಡವನು ಯಾರಿದ್ದಾನೆ?

ಈ ಒಂದು ವಿಷಯ ಹಿಡಿದು ಅರ್ಜಿ ತಯಾರಿ ಮಾಡೀವಿ. ಕೆಲಸಕ್ಕೆ ಹೋಗುವವರ ಸಹಿ ನಸುಕಿನಾಗೇ, ಕೋಟೆ ಹತ್ರ ಚಾ ಅಂಗಡಿ ಮುಂದ ತಗೊಂತೀವಿ, ಯಾಕಂದ್ರ ಹಗಲಿಗೆ ಅವರು ಸಿಗಂಗಿಲ್ಲ. ಅದರ ಜೊತೆಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಒಂದು ರೋಲ್ ತಂದೀನಿ, ಸಹಿ ಮಾಡೋರ ಸೈಕಲ್ ಹಿಂದ ಅಲ್ಲೇ ಅಂಟಿಸ್ತೀವಿ. ಒಂದು ರೋಲ್ ಸಾಲಂಗಿಲ್ಲ. ಲಾರಿ ಬಾಡಿ ಕಟ್ಟೋ ಅಂಗಡಿ ಪರಿಚಯ ಇದ್ದೋರು ತುಂಡು ಪಟ್ಟಿ ಇದ್ದರೆ ಕೊಡಿಸ್ರಿ. ಪರಿಹಾರದ ಕೇಸಿನ ಕಾಗದ ಹೆಂಗ ಬರೀಬೇಕು ಅಂತ ಬೇಕಾದೋರು ನನಗ ಮೆಸೇಜ್ ಮಾಡ್ರಿ, ವಕೀಲ ಗೆಳೆಯರ ನಂಬರ್ ಕೊಡ್ತೀನಿ.

ಪ್ಯಾಚ್ ಹಿಡೀತು. ಟ್ಯೂಬಿನಾಗ ಇನ್ನೊಂದು ತೊಗರಿ ಕಟ್ಟಿಗಿ ಚೂರು ಸಿಕ್ಕಿತ್ತು, ಕಿತ್ತು ತೆಗೆದೆ. ಬಿಸಿಲು ಗ್ವಾಡಿ ದಾಟೋದ್ರೊಳಗ ಚಕ್ರ ಕೂಡಿಸಬೇಕು, ನಾಳೆ ಆರಕ್ಕ ಹೊರಡಬೇಕು.

ಜೈಭೀಮ್.